ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ ಕಾಳಗ ಮತ್ತು ಕಠಿಣತೆ

ಆಡುವವರು ಒಂದು ಪಾತ್ರವನ್ನೋ ಪಾತ್ರಗಳ ತಂಡವನ್ನೋ ವಹಿಸಿಕೊಂಡು, ಕತೆ ಸಾಗಿದಂತೆ ಅದರ ಬಲ, ವಿದ್ಯೆ, ಆಯುಧಗಳನ್ನು ಬೆಳೆಸಿಕೊಂಡು ಹೋಗುವ ಆಟ ರೋಲ್ ಪ್ಲೇಯಿಂಗ್ ಗೇಮ್. ಆರ್‌ಪಿಜಿ ಎಂಬುದು ಇದರ ಚಾಲ್ತಿಯ ಹೆಸರು. ಇಂಥ ಬಹುತೇಕ ಆಟಗಳಲ್ಲಿ ಕತೆಯನ್ನು ಮುಂದಕ್ಕೆ ತಳ್ಳುವುದು ಕಾಳಗ. ಯಾರು ಯಾವಾಗ ಹೊಡೆಯಬಹುದು, ಹೊಡೆತ ತಗಲಿತೋ ಇಲ್ಲವೋ, ಎಷ್ಟು ಪೆಟ್ಟಾಯಿತು, ಸೋಲು ಯಾವಾಗ ಎಂಬುದನ್ನೆಲ್ಲ ತೀರ್ಮಾನಿಸುವ ನಿಯಮಗಳ ಒಟ್ಟು ಏರ್ಪಾಟನ್ನು ಕಾಳಗ ವ್ಯವಸ್ಥೆ ಎನ್ನುತ್ತಾರೆ. ಆ ನಿಯಮಗಳೊಳಗೆ, ಇಂಥ ಜಾಗದಲ್ಲಿ ಇಂಥ ಶತ್ರುಗಳು ಇಷ್ಟು ಜನ ಎದುರಾಗಬೇಕು ಎಂದು ಮೊದಲೇ ಹೂಡಿಡುವುದು ಮುಖಾಮುಖಿಯ ರಚನೆ.

ಕಠಿಣತೆ ಇವೆರಡೂ ಕೂಡುವ ಕಡೆ ಹುಟ್ಟುತ್ತದೆ. ಶತ್ರುವಿನ ಬಲವೊಂದನ್ನೇ ನೋಡಿ ಅದನ್ನು ಅಳೆಯಲಾಗದು; ಯಾರ ಎದುರು ಯಾರು, ಎಷ್ಟನೆಯ ಕಾಳಗವಾಗಿ, ಸೋತರೆ ಏನು ಕಳೆದುಕೊಂಡು ನಿಲ್ಲುತ್ತಾರೆ ಎಂಬುದೆಲ್ಲ ಅದರಲ್ಲಿ ಸೇರಿರುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕುಸ್ತಿ ಮೈದಾನಗಳಲ್ಲಿ ಜೋಡಿ ಹಾಕುವ ಹಿರಿಯ ಪೈಲ್ವಾನರು ತೂಗಿ ನೋಡುವುದೂ ಇದನ್ನೇ. ಆ ಪದ್ಧತಿಯ ವಿವರ ಈ ಲೇಖನದಲ್ಲಿ ಮುಂದೆ ಬರುತ್ತದೆ.

ಮೂಲ ಮತ್ತು ಬೆಳವಣಿಗೆ

ಕಾಳಗವನ್ನು ಲೆಕ್ಕಕ್ಕೆ ಇಳಿಸುವ ಪ್ರಯತ್ನ ಕಂಪ್ಯೂಟರ್‌ಗಿಂತ ಹಳೆಯದು. ಪ್ರಷ್ಯದ ಸೇನಾಧಿಕಾರಿಗಳ ತರಬೇತಿಗೆ ಬಳಕೆಯಾದ ಕ್ರೀಗ್‌ಸ್ಪೀಲ್ ಎಂಬ ಯುದ್ಧದ ಆಟದ ನಿಯಮಗಳು 1824ರಲ್ಲಿ ಪ್ರಕಟವಾದವು. ನಕ್ಷೆ, ದಾಳ, ನಷ್ಟದ ಕೋಷ್ಟಕ, ಮಧ್ಯದಲ್ಲೊಬ್ಬ ತೀರ್ಪುಗಾರ ಇವೆಲ್ಲ ಅದರಲ್ಲೇ ಇದ್ದವು. ಈ ಪರಂಪರೆ ಹವ್ಯಾಸಿಗಳ ಯುದ್ಧದಾಟಗಳಾಗಿ ಬೆಳೆದು ಅಮೆರಿಕ ತಲುಪಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ‘ಚೈನ್‌ಮೇಲ್’ ಎಂಬ ನಿಯಮಪುಸ್ತಿಕೆ ತಂದರು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಪ್ರಕಟಿಸಿದರು. ಅಲ್ಲಿಯವರೆಗೆ ಸೈನ್ಯದ ತುಕಡಿಯನ್ನು ನಡೆಸುತ್ತಿದ್ದ ಆಟಗಾರ ಇಲ್ಲಿ ಒಬ್ಬನೇ ವೀರನನ್ನು ನಡೆಸತೊಡಗಿದ. ತುಕಡಿ ಸತ್ತರೆ ಇನ್ನೊಂದು ತುಕಡಿ ಇರುತ್ತದೆ. ವೀರ ಒಂದೇ ಏಟಿಗೆ ಸತ್ತರೆ ಆಟವೇ ಮುಗಿಯಿತು. ಆದ್ದರಿಂದ ಹಲವು ಏಟುಗಳನ್ನು ತಾಳುವ ಹಿಟ್ ಪಾಯಿಂಟ್, ಹೊಡೆತವನ್ನು ತಪ್ಪಿಸುವ ಕವಚದ ಅಂಕ, ಅನುಭವ ಕೂಡಿದಂತೆ ಏರುವ ಲೆವೆಲ್ ಇವು ಅಗತ್ಯವಾದವು. ಇಂದಿನ ಬಹುಪಾಲು ಆರ್‌ಪಿಜಿಗಳು ಈ ಮೂರನ್ನು ಒಂದಲ್ಲ ಒಂದು ರೂಪದಲ್ಲಿ ಉಳಿಸಿಕೊಂಡಿವೆ.

ಮರುವರ್ಷವೇ, 1975ರಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳ ಪ್ಲೇಟೊ ಕಂಪ್ಯೂಟರ್ ಜಾಲದಲ್ಲಿ ವಿದ್ಯಾರ್ಥಿಗಳು ಬರೆದ ‘ಪೆಡಿಟ್5’, ‘ಡಿಎನ್‌ಡಿ’ ಆಟಗಳು ಬಂದವು. ಡಿಎನ್‌ಡಿಯ ಕೊನೆಯಲ್ಲಿ ನಿಧಿ ಕಾಯುವ ಡ್ರ್ಯಾಗನ್ ಅನ್ನು ವಿಡಿಯೊ ಗೇಮ್‌ಗಳ ಮೊದಲ ‘ಬಾಸ್’ಗಳಲ್ಲಿ, ಅಂದರೆ ಕೊನೆಯಲ್ಲಿ ಎದುರಾಗುವ ಪ್ರಬಲ ಶತ್ರುಗಳಲ್ಲಿ, ಒಂದೆಂದು ಎಣಿಸುತ್ತಾರೆ. 1980ರ ‘ರೋಗ್’ ಆಟದಲ್ಲಿ ಪಾತ್ರ ಸತ್ತರೆ ಮತ್ತೆ ಮೊದಲಿಂದ ಆಡಬೇಕು. 1981ರಲ್ಲಿ ಬಂದ ‘ವಿಜರ್ಡ್ರಿ’ ಆರು ಮಂದಿಯ ತಂಡವನ್ನೂ ಸರದಿಯ ಕಾಳಗವನ್ನೂ ಮನೆಯ ಕಂಪ್ಯೂಟರ್‌ಗೆ ತಂದಿತು. ಜಪಾನಿನಲ್ಲಿ ಯೂಜಿ ಹೋರಿ ಇದೇ ಬಗೆಯ ಆಟವನ್ನು ಮಕ್ಕಳೂ ಆಡುವಂತೆ ಸರಳಗೊಳಿಸಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದರು. ಅದರಲ್ಲಿ ಸೋತ ವೀರ ಕೈಯಲ್ಲಿದ್ದ ಹಣದ ಅರ್ಧ ಕಳೆದುಕೊಂಡು ರಾಜನ ಮುಂದೆ ಎದ್ದು ನಿಲ್ಲುತ್ತಾನೆ. ಗಳಿಸಿದ ಅನುಭವ ಮಾತ್ರ ಹಾಗೇ ಉಳಿಯುತ್ತದೆ. ಸೋತರೂ ಮುಂದಿನ ಸಲ ಒಂದಿಷ್ಟು ಬಲವಾಗಿ ಬರಬಹುದು ಎಂಬ ಈ ಒಂದು ನಿಯಮ, ಶತ್ರುಗಳ ಅಂಕಿಗಳನ್ನು ಮುಟ್ಟದೆಯೇ ಆಟವನ್ನು ಸುಲಭ ಮಾಡಿತು.

ಕಾಳಗದ ಬಗೆಗಳು

*ಸರದಿಯ ಕಾಳಗ.* ಪ್ರತಿಯೊಬ್ಬರೂ ತಮ್ಮ ಸರದಿ ಬಂದಾಗ ಒಂದು ಕೆಲಸ ಮಾಡುತ್ತಾರೆ. ಯೋಚನೆಗೆ ಹೊತ್ತು ಎಷ್ಟು ಬೇಕಾದರೂ ಸಿಗುತ್ತದೆ. ಪರೀಕ್ಷೆ ನಡೆಯುವುದು ನಿರ್ಧಾರದ್ದು. 1990ರಲ್ಲಿ ಆರಂಭವಾದ ‘ಫೈರ್ ಎಂಬ್ಲೆಮ್’ ಸರಣಿ ಇದಕ್ಕೆ ಚೌಕಗಳ ಮೈದಾನವನ್ನು ಸೇರಿಸಿತು. ನಿಂತ ಜಾಗವೂ ಆಗ ಆಯುಧವಾಯಿತು. 1997ರ ‘ಫಾಲ್ಔಟ್’ನಲ್ಲಿ ಪ್ರತಿ ಸರದಿಗೆ ಇಂತಿಷ್ಟು ಆ್ಯಕ್ಷನ್ ಪಾಯಿಂಟ್ ಸಿಗುತ್ತದೆ. ನಡೆಯಲು, ಗುಂಡು ಹಾರಿಸಲು, ಮದ್ದು ತೆಗೆದುಕೊಳ್ಳಲು ಅದನ್ನೇ ಖರ್ಚು ಮಾಡಬೇಕು.

*ಓಡುವ ಗಡಿಯಾರದ ಸರದಿ.* 1991ರ ‘ಫೈನಲ್ ಫ್ಯಾಂಟಸಿ IV’ಗಾಗಿ ಹಿರೊಯುಕಿ ಇಟೊ ರೂಪಿಸಿದ ಪದ್ಧತಿಯಲ್ಲಿ ಪ್ರತಿ ಪಾತ್ರದ ಸರದಿಯೂ ಅದರ ಚುರುಕಿಗೆ ತಕ್ಕಂತೆ ಬರುತ್ತದೆ. ಆಡುವವರು ಆಯ್ಕೆ ಮಾಡುತ್ತ ಕೂತರೆ ಶತ್ರು ಕಾಯುವುದಿಲ್ಲ.

*ತಡೆದು ನಡೆಸುವ ಕಾಳಗ.* ಬಯೋವೇರ್‌ನ ‘ಬಾಲ್ಡರ್ಸ್ ಗೇಟ್’ (1998) ಕಾಳಗವನ್ನು ನಿರಂತರವಾಗಿ ಓಡಿಸಿ, ಬೇಕೆಂದಾಗ ನಿಲ್ಲಿಸಿ ಅಪ್ಪಣೆ ಕೊಡುವ ಅವಕಾಶ ಇಟ್ಟಿತು. ಒಳಗಡೆ ನಡೆಯುವುದು ಆರು ಸೆಕೆಂಡಿನ ಸುತ್ತುಗಳ ದಾಳದಾಟವೇ. ಚಿಲ್ಲರೆ ಕಾಳಗಗಳು ಬೇಗ ಮುಗಿಯುತ್ತವೆ, ದೊಡ್ಡವು ನಿಧಾನವಾಗಿ ನಡೆಯುತ್ತವೆ ಎಂಬುದು ಇದರ ಲಾಭ.

*ಆ್ಯಕ್ಷನ್ ಕಾಳಗ.* ‘ಡಯಾಬ್ಲೊ’ (1996) ಮೊದಲು ಸರದಿಯ ಆಟವಾಗಿ ಶುರುವಾಗಿ, ತಯಾರಿಕೆಯ ನಡುವೆ ಸರದಿಯಿಲ್ಲದೆ ನಿರಂತರ ನಡೆಯುವ ಆಟವಾಗಿ ಬದಲಾಯಿತು. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ‘ಡೀಮನ್ಸ್ ಸೋಲ್ಸ್’ (2009), ‘ಡಾರ್ಕ್ ಸೋಲ್ಸ್’ (2011), ‘ಎಲ್ಡನ್ ರಿಂಗ್’ (2022) ಆಟಗಳಲ್ಲಿ ಪ್ರತಿ ಹೊಡೆತಕ್ಕೂ ಪ್ರತಿ ಉರುಳಿಗೂ ದಮ್ಮು ಖರ್ಚಾಗುತ್ತದೆ. ಶತ್ರುವಿನ ತೋಳು ಮೇಲೇಳುವುದನ್ನು ಕಂಡು, ಸರಿಯಾದ ಕ್ಷಣಕ್ಕೆ ಉರುಳಿದರೆ ಏಟು ಮೈಗೆ ತಾಗುವುದಿಲ್ಲ. ಇಲ್ಲಿ ಪಾತ್ರದ ಲೆವೆಲ್ ಜತೆಗೆ ಆಡುವವರ ಕಣ್ಣು ಕೈಗಳೂ ಪಳಗಬೇಕು.

ಅಂಕಿಗಳ ಒಳಗುಟ್ಟು

ಪೆಟ್ಟಿನ ಲೆಕ್ಕಕ್ಕೆ ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು ಕಳೆಯುವ ಲೆಕ್ಕ: ಹೊಡೆತದ ಬಲದಲ್ಲಿ ಕವಚದ ಅಂಕವನ್ನು ಕಳೆದರೆ ಉಳಿದದ್ದೇ ಪೆಟ್ಟು. ಬಲ 20, ಕವಚ 15 ಇದ್ದರೆ ಪೆಟ್ಟು 5. 60 ಹಿಟ್ ಪಾಯಿಂಟ್ ಇರುವವನು 12 ಏಟು ತಾಳುತ್ತಾನೆ. ಕವಚ 18ಕ್ಕೆ ಏರಿದರೆ ಪೆಟ್ಟು 2. ಅದೇ ವ್ಯಕ್ತಿ ಈಗ 30 ಏಟು ತಾಳುತ್ತಾನೆ. ಮೂರೇ ಅಂಕದ ವ್ಯತ್ಯಾಸ ಕಾಳಗವನ್ನು ಎರಡೂವರೆ ಪಟ್ಟು ಹಿಗ್ಗಿಸಿತು. ಇನ್ನೆರಡು ಅಂಕ ಏರಿದರೆ ಪೆಟ್ಟೇ ಬೀಳದು. ಈ ಲೆಕ್ಕ ಕೂಸಿಗೂ ಅರ್ಥವಾಗುವಷ್ಟು ಸರಳ. ಅಂಕಿಗಳು ಚಿಕ್ಕದಿರುವ ಆಟಕ್ಕೆ ಒಪ್ಪುತ್ತದೆ. ಅಂಕಿಗಳು ಬೆಳೆಯುವ ಆಟದಲ್ಲಿ ಮಾತ್ರ ಹಿಡಿತ ತಪ್ಪುತ್ತದೆ.

ಎರಡನೆಯದು ಭಾಗಿಸುವ ಲೆಕ್ಕ. ಹೊಡೆತವನ್ನು 100ರಿಂದ ಗುಣಿಸಿ, ನೂರಕ್ಕೆ ಕವಚ ಕೂಡಿಸಿದ ಮೊತ್ತದಿಂದ ಭಾಗಿಸುತ್ತಾರೆ. 60 ಹಿಟ್ ಪಾಯಿಂಟ್‌ನವನಿಗೆ 20 ಬಲದ ಹೊಡೆತ ಬಿದ್ದರೆ, ಕವಚ ಇಲ್ಲದಾಗ ಮೂರು ಏಟು, ಕವಚ 100 ಇದ್ದಾಗ ಆರು, 200 ಇದ್ದಾಗ ಒಂಬತ್ತು ಏಟು ತಾಳುತ್ತಾನೆ. ಪ್ರತಿ ನೂರು ಕವಚಕ್ಕೂ ಮೂರು ಏಟಿನಷ್ಟೇ ಆಯುಸ್ಸು ಕೂಡುವುದರಿಂದ ಆಟದ ಕೊನೆಯವರೆಗೂ ತೂಕ ಉಳಿಯುತ್ತದೆ.

ಇದರ ಮೇಲೆ ಜಾತಿವಾರು ಬಲಾಬಲ ಬರುತ್ತದೆ. ಜಪಾನಿನಲ್ಲಿ 1996ರಲ್ಲಿ ಬಿಡುಗಡೆಯಾದ ‘ಪೋಕೆಮಾನ್’ನಲ್ಲಿ ನೀರು ಬೆಂಕಿಯನ್ನು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಸೋಲಿಸುತ್ತದೆ. ತಕ್ಕ ಹೊಡೆತಕ್ಕೆ ಪೆಟ್ಟು ದುಪ್ಪಟ್ಟು, ತಕ್ಕುದಲ್ಲದ ಹೊಡೆತಕ್ಕೆ ಅರ್ಧ. ಮೊದಲಿಗೆ 15 ಇದ್ದ ಈ ಜಾತಿಗಳು ಈಗ 18. ಲೆವೆಲ್‌ನಲ್ಲಿ ಚಿಕ್ಕವನೂ ತಕ್ಕ ಎದುರಾಳಿ ಸಿಕ್ಕರೆ ಗೆಲ್ಲಬಹುದು ಎಂಬುದು ಈ ಏರ್ಪಾಟಿನ ಸಾರ.

ಅದೃಷ್ಟದ ಲೆಕ್ಕದಲ್ಲಿ ಗಣಿತಕ್ಕೂ ಮನಸ್ಸಿಗೂ ಹೊಂದಾಣಿಕೆಯಿಲ್ಲ. ಹೊಡೆತ ತಗಲುವ ಸಾಧ್ಯತೆ ಶೇ 75 ಎಂದು ಪರದೆ ತೋರಿಸಿದರೆ, ಸತತ ಎರಡು ಸಲ ತಪ್ಪುವುದು ಹದಿನಾರಕ್ಕೆ ಒಂದು ಸಲ. ದೊಡ್ಡ ಆಟದಲ್ಲಿ ಇದು ಮೇಲಿಂದ ಮೇಲೆ ಆಗಿಯೇ ಆಗುತ್ತದೆ. ಆದರೆ ಆಡುವವರಿಗೆ ಯಂತ್ರ ಮೋಸ ಮಾಡಿತು ಎನಿಸುತ್ತದೆ. ಇದಕ್ಕಾಗಿ ಫೈರ್ ಎಂಬ್ಲೆಮ್‌ನ ಹಲವು ಆಟಗಳು 2002ರಿಂದ ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿ ತೆಗೆಯುತ್ತವೆ. ಪರದೆಯ ಮೇಲೆ ಶೇ 90 ಎಂದು ಕಂಡದ್ದು ಒಳಗೆ ಸುಮಾರು 98 ಆಗಿರುತ್ತದೆ. 30 ಎಂದು ಕಂಡದ್ದು ಸುಮಾರು 18. ಅಂಕಿಯನ್ನು ತಿರುಚಿ ನಂಬಿಕೆಯನ್ನು ಉಳಿಸಿಕೊಳ್ಳುವ ಉಪಾಯ ಇದು.

ಮುಖಾಮುಖಿಯ ರಚನೆ

ಒಬ್ಬ ಬಲಾಢ್ಯ ಶತ್ರುವಿಗಿಂತ ನಾಲ್ಕು ಮಂದಿ ಸಾಧಾರಣ ಶತ್ರುಗಳು ಹೆಚ್ಚು ಅಪಾಯಕಾರಿ ಎಂಬುದು ಹೊಸ ವಿನ್ಯಾಸಕರು ಮೊದಲು ಕಲಿಯುವ ಪಾಠ. ಕಾರಣ, ಪ್ರತಿ ಸುತ್ತಿನಲ್ಲೂ ಯಾವ ಬಣಕ್ಕೆ ಹೆಚ್ಚು ಸರದಿ ಸಿಗುತ್ತದೋ ಅದರ ಕೈ ಮೇಲಾಗುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ನಿಯಮ ಕೊಟ್ಟ. ಎಲ್ಲರೂ ಎಲ್ಲರ ಮೇಲೂ ಗುರಿಯಿಟ್ಟು ಹೊಡೆಯಬಹುದಾದ ಕಾಳಗದಲ್ಲಿ ಬಣದ ಶಕ್ತಿ ತಲೆಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ನಾಲ್ವರು ವೀರರ ಎದುರು ಎಂಟು ಶತ್ರುಗಳನ್ನು ಸಮಬಲವಾಗಿ ನಿಲ್ಲಿಸಬೇಕಾದರೆ ಒಬ್ಬೊಬ್ಬ ಶತ್ರುವಿನ ಹೊಡೆತವೂ ಆಯುಸ್ಸೂ ವೀರನ ಅರ್ಧಕ್ಕೆ ಇಳಿಯಬೇಕು. ಅಂದರೆ ಒಬ್ಬೊಬ್ಬನ ಒಟ್ಟು ಬಲ ವೀರನ ಕಾಲು ಪಾಲು. ಇಕ್ಕಟ್ಟಾದ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಎದುರಿಸಿದರೆ ಈ ವರ್ಗದ ನಿಯಮ ಮುರಿದುಬೀಳುತ್ತದೆ. ಆದ್ದರಿಂದಲೇ ಮೈದಾನದ ಆಕಾರವೂ ಕಠಿಣತೆಯ ಭಾಗ.

ಕಾಗದದ ಆಟಗಳು ಈ ಅನುಭವವನ್ನು ಕೋಷ್ಟಕವಾಗಿಸಿದವು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ (2000) ಪ್ರತಿ ಶತ್ರುವಿಗೂ ಒಂದು ಸವಾಲಿನ ಅಂಕ ಕೊಟ್ಟು, ಅದೇ ಲೆವೆಲ್‌ನ ನಾಲ್ವರ ತಂಡಕ್ಕೆ ಅದನ್ನು ತೂಗಿತು. ಐದನೆಯ ಆವೃತ್ತಿ (2014) ಶತ್ರುಗಳ ತಲೆಗಳು ಹೆಚ್ಚಿದಂತೆ ಮೊತ್ತವನ್ನು ಗುಣಿಸುವ ನಿಯಮ ತಂದಿತು: ಇಬ್ಬರಿದ್ದರೆ ಒಂದೂವರೆ ಪಟ್ಟು, ಮೂವರಿಂದ ಆರರವರೆಗೆ ಎರಡು ಪಟ್ಟು. ತಂಡವೊಂದು ದಿನವೊಂದಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ತಾಳಬಲ್ಲದು ಎಂಬ ಅಂದಾಜನ್ನೂ ಇಟ್ಟಿತು.

ದಿನದ ಲೆಕ್ಕ ಮುಖ್ಯವಾಗುವುದು ಕಾಳಗಗಳು ಒಂದರ ಹಿಂದೊಂದು ಬರುವುದರಿಂದ. ಒಂದು ಕಾಳಗ ಗೆಲ್ಲುವ ಸಾಧ್ಯತೆ ಶೇ 95 ಇದ್ದರೆ ಸುಲಭ ಎನಿಸುತ್ತದೆ. ನಡುವೆ ಸೇವ್ ಮಾಡಲು ಬಿಡದೆ ಅಂಥ ಹತ್ತನ್ನು ಪೋಣಿಸಿದರೆ ಎಲ್ಲವನ್ನೂ ಗೆಲ್ಲುವ ಸಾಧ್ಯತೆ ಶೇ 60ಕ್ಕೆ ಇಳಿಯುತ್ತದೆ. ಪ್ರತಿಯೊಂದೂ ಶೇ 90ರದ್ದಾದರೆ ಶೇ 35ಕ್ಕೆ. ಸೇವ್ ಮಾಡುವ ಜಾಗ, ಮದ್ದಿನ ಬೆಲೆ, ವಿಶ್ರಾಂತಿಯ ಮೇಲಿನ ನಿರ್ಬಂಧ ಇವು ಯಾವ ಶತ್ರುವಿನ ಮೈಮೇಲೂ ಬರೆದಿರುವುದಿಲ್ಲ. ಆದರೂ ಆಟದ ಬಿಗಿಯನ್ನು ಅವೇ ತೀರ್ಮಾನಿಸುತ್ತವೆ.

ಒಳ್ಳೆಯ ರಚನೆಯಲ್ಲಿ ಕಾಳಗಗಳ ಸಾಲಿಗೆ ಒಂದು ಪಾಠಕ್ರಮವಿರುತ್ತದೆ. ಹೊಸ ಬಗೆಯ ಶತ್ರು ಮೊದಲು ಒಂಟಿಯಾಗಿ ಬರುತ್ತಾನೆ. ಅವನ ವರಸೆ ಅರ್ಥವಾದ ಮೇಲೆ ಇಬ್ಬರಾಗಿ, ಬಳಿಕ ಬೇರೆ ಬಗೆಯವರ ಜತೆಗೂಡಿ ಬರುತ್ತಾನೆ. ಕೊನೆಗೆ ಬರುವ ಬಾಸ್ ಅಲ್ಲಿಯವರೆಗೆ ಕಲಿತದ್ದನ್ನೆಲ್ಲ ಒಟ್ಟಿಗೆ ಕೇಳುತ್ತಾನೆ. 1999ರ ‘ಎವರ್‌ಕ್ವೆಸ್ಟ್’, 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಸಾಮೂಹಿಕ ಆಟಗಳಲ್ಲಿ ಪೆಟ್ಟು ತಾಳುವವರು, ಗಾಯ ಮಾಯಿಸುವವರು, ಹೊಡೆಯುವವರು ಎಂಬ ಮೂರು ಪಾಲುಗಳು ಗಟ್ಟಿಯಾದವು. ವಾರ್‌ಕ್ರಾಫ್ಟ್‌ನ ಆರಂಭದ ದೊಡ್ಡ ಕಾಳಗಗಳಿಗೆ 40 ಜನ ಒಂದೇ ಹೊತ್ತಿಗೆ ಕೂಡಬೇಕಿತ್ತು. ಅಲ್ಲಿ ಶತ್ರುವಿಗಿಂತ ತಂಡ ಕಟ್ಟುವುದೇ ದೊಡ್ಡ ತೊಡಕಾಗಿತ್ತು.

ಕಠಿಣತೆಯನ್ನು ಹೊಂದಿಸುವ ದಾರಿಗಳು

ಎಲ್ಲರಿಗೂ ಒಂದೇ ಅಳತೆ ಹೊಂದುವುದಿಲ್ಲ ಎಂಬುದು ತಯಾರಕರಿಗೆ ಬೇಗ ಗೊತ್ತಾಯಿತು. ಅತಿ ಸಾಮಾನ್ಯ ಪರಿಹಾರ ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆ. ಇದನ್ನು ಶತ್ರುಗಳ ಹಿಟ್ ಪಾಯಿಂಟ್ ಏರಿಸಿ ಇಳಿಸಿ ಮುಗಿಸಿಬಿಡುವ ಆಟಗಳಿಗೆ ಒಂದು ಟೀಕೆ ತಪ್ಪಿದ್ದಲ್ಲ: ಕಾಳಗ ಉದ್ದವಾಯಿತೇ ಹೊರತು ಬೇರೆಯಾಗಲಿಲ್ಲ. ‘ಪಿಲ್ಲರ್ಸ್ ಆಫ್ ಎಟರ್ನಿಟಿ’ (2015) ಬೇರೆ ದಾರಿ ಹಿಡಿಯಿತು. ಅದರಲ್ಲಿ ಮಟ್ಟ ಏರಿಸಿದರೆ ಶತ್ರುಗಳ ಸಂಖ್ಯೆಯೂ ಬಗೆಯೂ ಬದಲಾಗುತ್ತದೆ. ‘ಬಾಲ್ಡರ್ಸ್ ಗೇಟ್ 3’ (2023) ಅದೇ ವರ್ಷದ ನವೆಂಬರ್‌ನಲ್ಲಿ ಸೇರಿಸಿದ ‘ಆನರ್’ ಬಗೆಯಲ್ಲಿ ಒಂದೇ ಒಂದು ಸೇವ್ ಇರುತ್ತದೆ, ಬಾಸ್‌ಗಳಿಗೆ ಹೊಸ ವರಸೆಗಳೂ ಇರುತ್ತವೆ.

ಎರಡನೆಯ ದಾರಿ, ಆಡುವವರ ಲೆವೆಲ್ ಏರಿದಂತೆ ಶತ್ರುಗಳನ್ನೂ ಏರಿಸುವುದು. ‘ಫೈನಲ್ ಫ್ಯಾಂಟಸಿ VIII’ (1999) ಇದನ್ನು ಮಾಡಿತ್ತು. ಬೆಥೆಸ್ಡಾದ ‘ಆಬ್ಲಿವಿಯನ್’ (2006) ಇದರಿಂದ ಪೇಚಿಗೆ ಸಿಕ್ಕಿತು. ನಾಯಕ ಬಲಿತ ಹಾಗೆ ದಾರಿಗಳ್ಳರೂ ಊರಿಗೇ ಅಪರೂಪವಾದ ಬೆಲೆಬಾಳುವ ಕವಚ ತೊಟ್ಟು ಎದುರಾಗತೊಡಗಿದರು. ಬೆಳೆದದ್ದರ ಸುಖವೇ ಆಡುವವರಿಗೆ ಸಿಗಲಿಲ್ಲ. ‘ಸ್ಕೈರಿಮ್’ (2011) ಪ್ರತಿ ಪ್ರದೇಶಕ್ಕೂ ಲೆವೆಲ್‌ನ ಕೆಳಮಿತಿ ಮೇಲ್ಮಿತಿಗಳನ್ನು ಇಟ್ಟು ಇದನ್ನು ತಿದ್ದಿತು. ಕೆಲವು ಗುಹೆಗಳು ಕೆಲವರಿಗೆ ಕೆಲಕಾಲ ಅಸಾಧ್ಯವಾಗಿಯೇ ಇರಬೇಕು ಎಂಬುದು ಅದರ ತಾತ್ಪರ್ಯ.

ಮೂರನೆಯದು ಆಟ ನಡೆಯುತ್ತಿರುವಾಗಲೇ ಕಾಣದಂತೆ ಹೊಂದಿಸುವುದು. ಆಡುವವರು ಸೋಲುತ್ತಿದ್ದರೆ ಒಂದಿಷ್ಟು ಹೆಚ್ಚು ಮದ್ದು, ಗೆಲ್ಲುತ್ತಿದ್ದರೆ ಶತ್ರುವಿಗೆ ಒಂದಿಷ್ಟು ಚುರುಕು. ಅಳವಿಗೆ ಮೀರಿದರೆ ಕಳವಳ, ಅಳವಿಗಿಂತ ಕಡಿಮೆಯಾದರೆ ಬೇಸರ, ನಡುವಿನ ಹದದಲ್ಲಿ ತನ್ಮಯತೆ ಎಂಬ ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿಯವರ ವಿಚಾರವನ್ನು ಇದರ ಸಮರ್ಥಕರು ಆಧಾರವಾಗಿ ಹೇಳುತ್ತಾರೆ. ವಿರೋಧಿಗಳ ಮಾತು ಬೇರೆ: ಬೇಕೆಂದೇ ಸೋತು ಲಾಭ ಪಡೆಯುವವರಿದ್ದಾರೆ, ತನ್ನ ಗೆಲುವು ತನ್ನದೇ ಹೌದೋ ಎಂಬ ಅನುಮಾನವೂ ಹುಟ್ಟುತ್ತದೆ.

ನಾಲ್ಕನೆಯದು ಯಾವ ಆಯ್ಕೆಯನ್ನೂ ಕೊಡದಿರುವುದು. ಹಿದೆತಾಕಾ ಮಿಯಾಝಾಕಿ ನಿರ್ದೇಶಿಸಿದ ಡಾರ್ಕ್ ಸೋಲ್ಸ್‌ನಲ್ಲಿ ಎಲ್ಲರಿಗೂ ಒಂದೇ ಆಟ. ಸತ್ತರೆ, ಲೆವೆಲ್ ಏರಿಸಲು ಗಳಿಸಿದ ‘ಸೋಲ್’ಗಳು ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಅಲ್ಲಿಗೆ ಮರಳುವ ಮೊದಲು ಮತ್ತೆ ಸತ್ತರೆ ಶಾಶ್ವತವಾಗಿ ಹೋಗುತ್ತವೆ. ಆದರೆ ಇಲ್ಲೂ ಆಯ್ಕೆಗಳು ಬೇರೆ ವೇಷದಲ್ಲಿ ಇವೆ. ಜತೆಗಾರರನ್ನು ಕರೆಯಬಹುದು, ದೂರದಿಂದ ಮಂತ್ರ ಎಸೆಯಬಹುದು. ಎಲ್ಡನ್ ರಿಂಗ್‌ನಲ್ಲಾದರೆ ಗೆಲ್ಲಲಾಗದ ಬಾಸ್‌ನನ್ನು ಬಿಟ್ಟು ಬಯಲಿನ ಇನ್ನೊಂದು ದಿಕ್ಕಿಗೆ ಹೋಗಿ ಬಲಿತು ಬರಬಹುದು. ಕೈಬೆರಳಿನ ಚಲನೆ ಸೀಮಿತವಾಗಿರುವವರಿಗೆ, ದೃಷ್ಟಿದೋಷ ಇರುವವರಿಗೆ ಇಂಥ ಆಟ ಬಾಗಿಲು ಮುಚ್ಚುತ್ತದೆ ಎಂಬ ಆಕ್ಷೇಪ ಮಾತ್ರ ಇನ್ನೂ ನಿಂತಿಲ್ಲ.

ಗಡಿಭಾಗದ ಕುಸ್ತಿ: ಒಂದು ಜೀವಂತ ಮಾದರಿ

ಕೊಲ್ಲಾಪುರ, ಸಾಂಗಲಿಗಳಿಗೆ ಹೊಂದಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ ಮಣ್ಣಿನ ಕುಸ್ತಿಯ ನಾಡು. ಛತ್ರಪತಿ ಶಾಹು ಮಹಾರಾಜರ ಆಳ್ವಿಕೆಯಲ್ಲಿ (1894–1922) ಕೊಲ್ಲಾಪುರದಲ್ಲಿ ತಾಲೀಮುಗಳು (ಗರಡಿಮನೆಗಳು) ಬೆಳೆದವು, ಖಾಸಬಾಗ ಮೈದಾನ ಎದ್ದಿತು. ಅದರ ಸೆಳೆತ ಗಡಿಯಾಚೆಯ ಕನ್ನಡದ ಹಳ್ಳಿಗಳಿಗೂ ಹಬ್ಬಿತು. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ ಕೊಲ್ಲಾಪುರದಲ್ಲಿ ಪಳಗಿ 1959ರಲ್ಲಿ ಹಿಂದ್ ಕೇಸರಿ ಪಟ್ಟ ಗೆದ್ದರು. 2020ರ ಡಿಸೆಂಬರ್‌ನಲ್ಲಿ ನಿಧನರಾದರು.

ಮಣ್ಣಿನ ಕುಸ್ತಿಯ ನಿಯಮ ಚಿಕ್ಕದು: ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಬೇಕು. ಘಿಸ್ಸಾ, ಢಾಕ, ಏಕಲಂಗಿ, ಕಲಾಜಂಗ, ಧೋಬಿ ಪಛಾಡ ಎಂದು ಡಾವುಗಳು, ಅಂದರೆ ಪಟ್ಟುಗಳು, ಹಲವು. ಪ್ರತಿ ಡಾವಿಗೂ ಅದನ್ನು ಮುರಿಯುವ ಪ್ರತಿ ಡಾವು ಇದೆ. ಯಾವ ಡಾವೂ ಎಲ್ಲರ ಮೇಲೂ ಎಲ್ಲ ಹೊತ್ತಿನಲ್ಲೂ ನಡೆಯದು. ಎತ್ತರದವನ ಮೇಲೆ ನಡೆಯುವುದು ಕುಳ್ಳನ ಮೇಲೆ ನಡೆಯುವುದಿಲ್ಲ. ದಮ್ಮು ಇರುವಾಗ ನಡೆದದ್ದು ದಣಿದ ಮೇಲೆ ನಡೆಯುವುದಿಲ್ಲ. ಆಟ ವಿನ್ಯಾಸದ ಭಾಷೆಯಲ್ಲಿ ಹೇಳುವುದಾದರೆ, ನಿಯಮಗಳು ಕಡಿಮೆ ಇದ್ದು ಆಯ್ಕೆಗಳು ಹೆಚ್ಚಿರುವ ಪಕ್ವ ಕಾಳಗ ವ್ಯವಸ್ಥೆ ಇದು.

ಊರ ಜಾತ್ರೆ, ಉರುಸುಗಳ ಮೈದಾನದಲ್ಲಿ ಜೋಡಿ ಹಾಕುವುದು ಕಮಿಟಿಯವರ ಮತ್ತು ಹಳೆಯ ವಸ್ತಾದರ, ಅಂದರೆ ಕುಸ್ತಿ ಗುರುಗಳ, ಹೊಣೆ. ತಕ್ಕಡಿ ಇಲ್ಲದೆಡೆ ಕಣ್ಣಳತೆಯೇ ಗತಿ. ಹುಡುಗನ ಹೆಗಲು, ಕುತ್ತಿಗೆ, ಯಾವ ತಾಲೀಮಿನವನು, ಯಾರ ಕೈಯಲ್ಲಿ ಕಲಿತವನು ಎಂಬುದನ್ನು ನೋಡಿ ಇಬ್ಬರನ್ನು ಎದುರಾಬದುರು ನಿಲ್ಲಿಸುತ್ತಾರೆ. ಮೊದಲು ಸಣ್ಣ ಇನಾಮಿನ ಎಳೆಯ ಹುಡುಗರ ಕುಸ್ತಿ, ನಡುವೆ ಪ್ರಾಯದವರದು, ಕೊನೆಗೆ ಹಲಗಿಯ ಸದ್ದು ಏರಿ ಒಂದನೇ ನಂಬರಿನ ಕುಸ್ತಿ. ಆ ದೊಡ್ಡ ಜೋಡಿಯ ಹೆಸರನ್ನು ಮೊದಲೇ ಪೋಸ್ಟರಿನಲ್ಲಿ ಅಚ್ಚುಹಾಕಿಸಿರುತ್ತಾರೆ. ಜೋಡಿ ಏರುಪೇರಾದರೆ ಕ್ಷಣದಲ್ಲಿ ಚಿತ್ ಆಗಿ ಜನ ಗೊಣಗುತ್ತಾರೆ. ಸರಿಸಮವಾಗಿ ಯಾರೂ ಯಾರನ್ನೂ ಮುಟ್ಟದಂತಾದರೂ ಬೇಸರ. ಅದಕ್ಕೇ ಒಂದನೇ ನಂಬರಿನ ಕುಸ್ತಿಗೆ ಫಲಿತಾಂಶ ಬರುವವರೆಗೆ ಬಿಡದ ‘ನಿಕಾಲಿ’ ಷರತ್ತು ಹಾಕುವುದುಂಟು.

ಮ್ಯಾಟಿನ ಮೇಲಿನ ಇಂದಿನ ಕುಸ್ತಿ ಇದೇ ಸಮಸ್ಯೆಯನ್ನು ಅಂಕಿಗಳಿಂದ ಬಿಡಿಸಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಫ್ರೀಸ್ಟೈಲ್‌ಗೆ 57, 65, 74, 86, 97, 125 ಕಿಲೊ ಎಂದು ಆರು ತೂಕದ ವರ್ಗಗಳಿದ್ದವು. ಮೂರು ಮೂರು ನಿಮಿಷದ ಎರಡು ಸುತ್ತು. ಹತ್ತು ಅಂಕದ ಅಂತರ ಬಿದ್ದರೆ ಕುಸ್ತಿ ಅಲ್ಲಿಗೇ ಮುಗಿಯುತ್ತದೆ. ತೂಕದ ವರ್ಗ ಸವಾಲಿನ ಅಂಕದಂಥದ್ದು: ಎಲ್ಲೆಡೆ ಒಂದೇ, ವಾದಕ್ಕೆ ಎಡೆಯಿಲ್ಲ. ವಸ್ತಾದನ ಕಣ್ಣಳತೆ ಆಟವನ್ನು ಸಾವಿರ ಸಲ ಆಡಿ ನೋಡಿದ ಪರೀಕ್ಷಕನ ತೀರ್ಪಿನಂಥದ್ದು: ಕೋಷ್ಟಕಕ್ಕೆ ಸಿಗದ ಸಂಗತಿಗಳನ್ನು ಹಿಡಿಯುತ್ತದೆ, ಪಕ್ಷಪಾತಕ್ಕೂ ಗುರಿಯಾಗಬಹುದು. ಗೇಮ್ ತಯಾರಕರು ಎರಡನ್ನೂ ಬಳಸುತ್ತಾರೆ. ಮೊದಲು ಲೆಕ್ಕ ಹಾಕಿ ಶತ್ರುಗಳನ್ನು ಇಟ್ಟು, ಬಳಿಕ ಆಡಿಸಿ ನೋಡಿ ತಿದ್ದುತ್ತಾರೆ.

ಕಾಳಗ ಎಲ್ಲಿ ನಿಲ್ಲಬೇಕು ಎಂಬ ನಿಯಮಕ್ಕೆ ಕರ್ನಾಟಕದಲ್ಲಿ ಇನ್ನೊಂದು ಉದಾಹರಣೆಯಿದೆ. ಮೈಸೂರು ದಸರೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ಮೊದಲ ರಕ್ತ ಕಂಡೊಡನೆ ಮುಗಿಯುತ್ತದೆ. ಸಮಬಲವಿಲ್ಲದ ಬಣಗಳ ಕಾಳಗಕ್ಕೆ ಮಾದರಿ ಹುಲಿ-ಕುರಿ ಆಟ. ಹುಲಿಗಳು ಕೆಲವೇ, ಹಾರಿ ಕೊಲ್ಲಬಲ್ಲವು. ಕುರಿಗಳು ಹಲವು, ಕೊಲ್ಲಲಾರವು, ಸುತ್ತುಗಟ್ಟಬಲ್ಲವು. ಮೂರು ಹುಲಿ, ಹದಿನೈದು ಕುರಿಗಳದು ಅದರ ಚಾಲ್ತಿಯ ರೂಪಗಳಲ್ಲೊಂದು. ಎರಡು ಕಡೆಗೂ ಬೇರೆ ಬೇರೆ ಗೆಲುವಿನ ಷರತ್ತು ಇಟ್ಟು ತೂಕ ಸರಿದೂಗಿಸಿದ ಈ ಆಟ, ಸಂಖ್ಯೆಗೂ ಬಲಕ್ಕೂ ಇರುವ ಸಂಬಂಧವನ್ನು ಲ್ಯಾಂಚೆಸ್ಟರ್‌ಗಿಂತ ಬಹಳ ಮೊದಲೇ ಆಡಿ ತೋರಿಸಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ವಿಡಿಯೊ ಗೇಮ್ ಉದ್ಯಮದ ಮೊದಲ ಹೆಜ್ಜೆಗಳು ಮೂಡಿದ್ದು ಬೆಂಗಳೂರಿನಲ್ಲಿ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರ‍್ಯಾಕ್ಟಿವ್ ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಟ್ಟು ಹೆಸರಾಯಿತು. 2017ರಲ್ಲಿ ಸ್ವೀಡನ್‌ನ ಸ್ಟಾರ್‌ಬ್ರೀಜ್, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡವು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು ಕರ್ನಾಟಕ ಸರ್ಕಾರ 2012ರಲ್ಲಿ ನೀತಿಯೊಂದನ್ನು ಹೊರಡಿಸಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಚಿತ್ರ ಬರೆಯುವ, ಮಾದರಿ ಕಟ್ಟುವ ಕೈಗಳು ಇಲ್ಲಿ ಮೊದಲು ಪಳಗಿದವು. ನಿಯಮ ಕಟ್ಟುವ, ಕಾಳಗದ ತೂಕ ಹೊಂದಿಸುವ ವಿದ್ಯೆ ಸ್ವತಂತ್ರ ತಂಡಗಳು ಹುಟ್ಟಿದ ಮೇಲೆ ಬೆಳೆಯತೊಡಗಿತು.

ಹೈದರಾಬಾದಿನ ಆಗ್ರ್ ಹೆಡ್ ಸ್ಟುಡಿಯೊದ ‘ಅಸುರ’ (2017) ಭಾರತೀಯ ಪುರಾಣದ ಹಿನ್ನೆಲೆಯಲ್ಲಿ, ಪ್ರತಿ ಸಲವೂ ಹೊಸದಾಗಿ ರಚನೆಯಾಗುವ ಕೋಣೆಗಳಲ್ಲಿ ನಡೆಯುವ ಕತ್ತಿಕಾಳಗದ ಆಟ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನ ‘ರಾಜಿ’ (2020) ತಮ್ಮನನ್ನು ಅಸುರರಿಂದ ಬಿಡಿಸಲು ಹೊರಟ ಹುಡುಗಿಯ ಕತೆ. ಕಂಬ ಗೋಡೆಗಳನ್ನೂ ಕಾಳಗಕ್ಕೆ ಬಳಸುವುದು ಅದರ ವಿಶೇಷ. ಭೋಪಾಲದ ಪೈರೊಡ್ಯಾಕ್ಟಿಲ್ ಗೇಮ್ಸ್‌ನ ‘ಅನ್‌ರೆಸ್ಟ್’ (2014) ಪ್ರಾಚೀನ ಭಾರತವನ್ನು ಹೋಲುವ ಬರಪೀಡಿತ ನಗರದಲ್ಲಿ ನಡೆಯುವ ಆರ್‌ಪಿಜಿ. ಅದರಲ್ಲಿ ಕಾಳಗ ಅಪರೂಪ, ಮಾತುಕತೆಯೇ ಮುಖ್ಯ.

ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಆಟಗಳು ಕಠಿಣತೆಗೆ ಇನ್ನೊಂದು ಅರ್ಥ ತಂದಿವೆ. ‘ಗೆನ್‌ಶಿನ್ ಇಂಪ್ಯಾಕ್ಟ್’ನಂಥ (2020) ಆಟಗಳಲ್ಲಿ ಬಲಿಷ್ಠ ಪಾತ್ರಗಳು ಲಾಟರಿಯ ರೀತಿಯಲ್ಲಿ ಸಿಗುತ್ತವೆ, ಹಣ ಕೊಟ್ಟರೆ ಹೆಚ್ಚು ಸಲ ಎತ್ತಬಹುದು. ಇಂಥ ಏರ್ಪಾಟಿನಲ್ಲಿ ಕಾಳಗ ಬಿಗಿಯಾದದ್ದು ಆಡುವವರ ಕೌಶಲ ಕೇಳಲೋ ಜೇಬು ಕೇಳಲೋ ಎಂಬ ಪ್ರಶ್ನೆ ಏಳುತ್ತದೆ.

ಕಾಳಗವನ್ನು ಬಿಟ್ಟ ಆಟಗಳು

ಪಾತ್ರ ವಹಿಸುವುದಕ್ಕೆ ಕಾಳಗ ಬೇಕೇಬೇಕೆ ಎಂದು ಕೇಳಿದ ಆಟಗಳೂ ಇವೆ. ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ (1999) ಹೆಚ್ಚಿನ ಮುಖಾಮುಖಿಗಳನ್ನು ಮಾತಿನಿಂದಲೇ ದಾಟಬಹುದು. ಟೋಬಿ ಫಾಕ್ಸ್‌ನ ‘ಅಂಡರ್‌ಟೇಲ್’ನಲ್ಲಿ (2015) ಒಬ್ಬರನ್ನೂ ಕೊಲ್ಲದೆ ಆಟ ಮುಗಿಸಬಹುದು. ‘ಡಿಸ್ಕೊ ಎಲಿಸಿಯಂ’ (2019) ಕಾಳಗ ವ್ಯವಸ್ಥೆಯನ್ನೇ ಕೈಬಿಟ್ಟು, ದಾಳವನ್ನು ನಾಯಕನ ಮನಸ್ಸಿನ ತಾಕಲಾಟಗಳಿಗೆ ಬಳಸಿತು. ಒಬ್ಬರನ್ನು ಒಪ್ಪಿಸುವುದೂ ಒಂದು ನೆನಪನ್ನು ಎದುರಿಸುವುದೂ ಅಲ್ಲಿ ಸಾಧ್ಯತೆಯ ಲೆಕ್ಕಕ್ಕೆ ಒಳಪಟ್ಟಿವೆ. ಕತ್ತಿ ಇಲ್ಲದ ಈ ಆಟಗಳಲ್ಲೂ ವಿನ್ಯಾಸಕರಿಗೆ ಉಳಿಯುವ ಕೆಲಸ ಹಳೆಯದೇ: ಆಡುವವರ ಎದುರು ಅವರ ಅಳವಿಗೆ ತಕ್ಕ, ಆದರೆ ಮುಂಚಿತವಾಗಿ ತೀರ್ಮಾನವಾಗಿರದ ಸವಾಲನ್ನು ನಿಲ್ಲಿಸುವುದು.